ಮೆಕ್ ಮಾಡ್‌ಗೆ ರೆಡಿಮೇಡ್ ಕಾಯಿಲ್: ಯಾವುದು ನಡೆಯುತ್ತದೆ, ಯಾವುದು ಬೇಡವೇ ಬೇಡ

ಯುಕೆಯಲ್ಲಿ 2025ರ ಜೂನ್ 1ರಿಂದ ಬಳಸಿ ಬಿಸಾಡುವ ವೇಪ್‌ಗಳ ಮಾರಾಟ ನಿಂತಿತು. ಆಮೇಲೆ ಇಲ್ಲಿರುವ ನಮ್ಮ ಹುಡುಗರಲ್ಲಿ ಕೆಲವರು ಹಳೆ ಸಾಮಾನಿನ ಕಡೆ ತಿರುಗಿದ್ದಾರೆ. ರೂಮ್‌ಮೇಟ್ ಬಿಟ್ಟುಹೋದ ಹಿತ್ತಾಳೆ ಟ್ಯೂಬ್, ಸೆಕೆಂಡ್ ಹ್ಯಾಂಡ್‌ನಲ್ಲಿ ಅಗ್ಗಕ್ಕೆ ಸಿಕ್ಕ ತಾಮ್ರದ ಮೆಕ್ ಮಾಡ್ (ಚಿಪ್ ಇಲ್ಲದ, ಬ್ಯಾಟರಿ ಹಾಕಿ ಬಳಸುವ ವೇಪ್ ಕೊಳವೆ), ಇಂಥವು. ನೋಡಲು ಗತ್ತು, ಕೈಗೆ ಒಳ್ಳೆ ತೂಕ. ಆದರೆ ತಂತಿ ಸುತ್ತಿ ಕಾಯಿಲ್ (ಲಿಕ್ವಿಡ್ ಕಾಯಿಸುವ ಸುರುಳಿ) ಮಾಡಲು ಬರುವುದಿಲ್ಲ, ಕಲಿಯಲು ಪುರುಸೊತ್ತೂ ಇಲ್ಲ. ಹಾಗಾಗಿ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಪ್ಯಾಕೆಟ್‌ನಲ್ಲಿ ಸಿಗುವ ಕಂಪನಿ ಕಾಯಿಲ್ ಹಾಕಿಕೊಂಡರೆ ಆಗಲ್ವಾ?

ಕೆಲವು ಕಡೆ ಆಗುತ್ತದೆ. ಬಹಳ ಕಡೆ ಆಗುವುದಿಲ್ಲ. ಕಂಪನಿ ಕಾಯಿಲ್‌ನಲ್ಲಿ ತಪ್ಪಿಲ್ಲ. ಆದರೆ ಅದರ ಮೈಮೇಲೆ ಬರೆದಿರುವ ಓಮ್ (ಕರೆಂಟ್‌ಗೆ ಕಾಯಿಲ್ ಒಡ್ಡುವ ತಡೆಯ ಅಳತೆ), ವ್ಯಾಟ್ ಎಲ್ಲವೂ ಒಳಗೆ ಚಿಪ್ ಇರುವ ಡಿವೈಸ್‌ಗೆ ಅಂತ ಬರೆದದ್ದು. ಮೆಕ್ ಮಾಡ್‌ನಲ್ಲಿ ಚಿಪ್ ಇಲ್ಲ. ಚಿಪ್ ಮಾಡಬೇಕಾದ ಲೆಕ್ಕವನ್ನೆಲ್ಲ ನೀವೇ ಮಾಡಬೇಕು. ಆ ಲೆಕ್ಕ ಹೇಗೆ ಅಂತ ಮೊದಲು ನೋಡೋಣ. ಆಮೇಲೆ ಯಾವ ಜೋಡಿ ಯಾರಿಗೆ ಅನ್ನುವುದು ತಾನಾಗಿ ಗೊತ್ತಾಗುತ್ತದೆ. ಸಿಗರೇಟ್ ಅಭ್ಯಾಸವೇ ಇಲ್ಲದವರಿಗೆ ಇದರಲ್ಲಿ ಯಾವ ಆಯ್ಕೆಯೂ ಬೇಡ. ಇದು ಈಗಾಗಲೇ ವೇಪ್ ಮಾಡುತ್ತಿರುವವರಿಗೆ ಬರೆದದ್ದು.

ಮೆಕ್ ಮಾಡ್ ಒಳಗೆ ಏನಿದೆ

ಒಂದು ಲೋಹದ ಕೊಳವೆ, ಒಂದು ಬ್ಯಾಟರಿ, ಅಡಿಯಲ್ಲೋ ಪಕ್ಕದಲ್ಲೋ ಒಂದು ಬಟನ್. ಅಷ್ಟೇ. ಬಟನ್ ಒತ್ತಿದರೆ ಬ್ಯಾಟರಿಯ ಪೂರ್ತಿ ವೋಲ್ಟೇಜ್ ನೇರವಾಗಿ ಕಾಯಿಲ್‌ಗೆ ಹೋಗುತ್ತದೆ. ಬಿಟ್ಟರೆ ನಿಲ್ಲುತ್ತದೆ. ಕರೆಂಟ್ ಜಾಸ್ತಿ ಆದರೆ ತಡೆಯುವವರಿಲ್ಲ, ಶಾರ್ಟ್ ಆದರೆ ಕಟ್ ಮಾಡುವವರಿಲ್ಲ. ಬ್ಯಾಟರಿ ಖಾಲಿಯಾಗುತ್ತಿದ್ದರೆ ಸಾಕು ಅಂತ ಹೇಳುವವರೂ ಇಲ್ಲ.

"ರೆಡಿಮೇಡ್ ಕಾಯಿಲ್" ಅಂದಾಗ ಅಂಗಡಿಯಲ್ಲಿ ಎರಡು ಬೇರೆ ಬೇರೆ ವಸ್ತು ಕೊಡುತ್ತಾರೆ. ಒಂದು ಕಾಯಿಲ್ ಹೆಡ್: ಹತ್ತಿ, ತಂತಿ ಅಥವಾ ಮೆಶ್ (ಲೋಹದ ಜಾಲರಿ), ಎಲ್ಲ ಸೇರಿಸಿ ಪುಟ್ಟ ಲೋಹದ ಗೂಡಿನಲ್ಲಿ ಕೂರಿಸಿರುತ್ತಾರೆ. ಅದನ್ನು ಟ್ಯಾಂಕ್ (ಲಿಕ್ವಿಡ್ ತುಂಬುವ ಭಾಗ) ಒಳಗೆ ತಿರುಗಿಸಿಯೋ ಒತ್ತಿಯೋ ಹಾಕುವುದು. ಇನ್ನೊಂದು ಸುತ್ತಿಟ್ಟ ತಂತಿ ಮಾತ್ರ. ಕ್ಲಾಪ್ಟನ್, ಏಲಿಯನ್ ಅಂತ ಹೆಸರಿಟ್ಟು ಡಬ್ಬಿಯಲ್ಲಿ ಮಾರುತ್ತಾರೆ. ಅದನ್ನು ಆರ್‌ಡಿಎ (ಟ್ಯಾಂಕ್ ಇಲ್ಲದ, ಲಿಕ್ವಿಡ್ ಹನಿ ಹನಿಯಾಗಿ ಹಾಕುವ ತಲೆಭಾಗ) ಒಳಗಿನ ಡೆಕ್, ಅಂದರೆ ಕಾಯಿಲ್ ಕೂರುವ ತಟ್ಟೆ, ಮೇಲೆ ಸ್ಕ್ರೂ ಹಾಕಿ ಬಿಗಿದು, ಹತ್ತಿ ತೂರಿಸುವ ಕೆಲಸ ನಿಮ್ಮದು. ಎರಡರ ಅಪಾಯವೂ ಬೇರೆ ಬೇರೆ. ಇದನ್ನು ಬೆರೆಸಿಕೊಂಡೇ ಅರ್ಧ ಜನ ಗೊಂದಲ ಮಾಡಿಕೊಳ್ಳುತ್ತಾರೆ.

ಅಳೆಯುವುದು ಹೇಗೆ

ಮೊದಲನೆಯದು ಕರೆಂಟ್. ತುಂಬಿದ ಲಿಥಿಯಂ ಬ್ಯಾಟರಿ 4.2 ವೋಲ್ಟ್. ಅದನ್ನು ಕಾಯಿಲ್‌ನ ಓಮ್‌ನಿಂದ ಭಾಗಿಸಿದರೆ ಎಷ್ಟು ಆಂಪ್ ಎಳೆಯುತ್ತದೆ ಅಂತ ಬರುತ್ತದೆ. 4.2ನ್ನು 4.2ರಿಂದ ಗುಣಿಸಿ ಓಮ್‌ನಿಂದ ಭಾಗಿಸಿದರೆ ವ್ಯಾಟ್. ಮತ್ತೆ ಮತ್ತೆ ಲೆಕ್ಕ ಹಾಕುವುದು ಬೇಡ, ಇಲ್ಲಿದೆ:

1.0 ಓಮ್: 4.2 ಆಂಪ್, ಸುಮಾರು 18 ವ್ಯಾಟ್
0.5 ಓಮ್: 8.4 ಆಂಪ್, 35 ವ್ಯಾಟ್
0.4 ಓಮ್: 10.5 ಆಂಪ್, 44 ವ್ಯಾಟ್
0.3 ಓಮ್: 14 ಆಂಪ್, 59 ವ್ಯಾಟ್
0.2 ಓಮ್: 21 ಆಂಪ್, 88 ವ್ಯಾಟ್
0.15 ಓಮ್: 28 ಆಂಪ್, 118 ವ್ಯಾಟ್

ಬಟನ್ ಒತ್ತಿದಾಗ ವೋಲ್ಟೇಜ್ ಸ್ವಲ್ಪ ಕುಸಿಯುತ್ತದೆ, ಆದ್ದರಿಂದ ನಿಜವಾದ ಅಂಕಿ ಇದಕ್ಕಿಂತ ಕಡಿಮೆ ಇರುತ್ತದೆ ಅಂತ ವಾದ ಮಾಡುವವರು ಇದ್ದಾರೆ. ಹೌದು, ಕುಸಿಯುತ್ತದೆ. ಆದರೆ ಆ ಕುಸಿತವನ್ನು ನಂಬಿಕೊಂಡು ಲೆಕ್ಕ ಮಾಡಬಾರದು. ಯಾವಾಗಲೂ 4.2ರಿಂದಲೇ ಮಾಡಿ.

ಇದನ್ನು ಬ್ಯಾಟರಿ ತಡೆಯುವ ಶಕ್ತಿಯ ಪಕ್ಕದಲ್ಲಿ ಇಟ್ಟು ನೋಡಬೇಕು. ನಿಲ್ಲಿಸದೆ ಎಷ್ಟು ಆಂಪ್ ಕೊಡಬಲ್ಲದು ಅನ್ನುವುದು ಬ್ಯಾಟರಿ ಕಂಪನಿಯೇ ಕೊಟ್ಟಿರುವ ಅಂಕಿ. 18650 ಸೈಜಿನಲ್ಲಿ ಸ್ಯಾಮ್‌ಸಂಗ್ 25ಆರ್ ಮತ್ತು ಎಲ್‌ಜಿ ಎಚ್‌ಜಿ2ಗೆ 20 ಆಂಪ್. ಸೋನಿ ವಿಟಿಸಿ5ಎಗೆ 25. ಸ್ಯಾಮ್‌ಸಂಗ್ 30ಕ್ಯೂಗೆ 15. ಎಂಎಎಚ್ ಜಾಸ್ತಿ ಇದ್ದರೆ ಒಳ್ಳೆ ಬ್ಯಾಟರಿ ಅಂತ ತಿಳಿದುಕೊಳ್ಳಬೇಡಿ. 3400 ಎಂಎಎಚ್ ಇರುವ ಪ್ಯಾನಸೋನಿಕ್ ಎನ್‌ಸಿಆರ್18650ಬಿ ಟಾರ್ಚ್‌ಗೆ ಚೆನ್ನ, ಆದರೆ ಅದು ಕೊಡಬಲ್ಲದ್ದು 5 ಆಂಪ್ ಆಸುಪಾಸು. ಮೆಕ್ ಮಾಡ್‌ಗೆ ಅದನ್ನು ಹಾಕಿದರೆ 0.5 ಓಮ್ ಕಾಯಿಲ್ ಕೂಡ ಜಾಸ್ತಿಯೇ. ಹೆಸರೇ ಕೇಳದ ಬ್ರ್ಯಾಂಡಿನ ಮೇಲ್ಸುತ್ತಿನಲ್ಲಿ 40 ಆಂಪ್ ಅಂತ ದಪ್ಪಕ್ಷರದಲ್ಲಿ ಬರೆದಿದ್ದರೆ ಅದು ಬಹಳ ಸಲ ಕ್ಷಣಮಾತ್ರದ ಪಲ್ಸ್ ಅಂಕಿ, ನಿರಂತರದ್ದಲ್ಲ.

ನನ್ನ ನಿಯಮ ಇಷ್ಟೇ: ಬ್ಯಾಟರಿಯ ಅಂಕಿಯ ಮುಕ್ಕಾಲು ಭಾಗ ದಾಟಬಾರದು. 20 ಆಂಪ್ ಬ್ಯಾಟರಿ ಅಂದರೆ 15 ಆಂಪ್. ಅಂದರೆ 0.3 ಓಮ್‌ಗಿಂತ ಕೆಳಗೆ ಇಳಿಯುವ ಹಾಗಿಲ್ಲ. ಬ್ಯಾಟರಿಗೂ ವಯಸ್ಸಾಗುತ್ತದೆ, ಕಾಯಿಲ್ ಮೇಲೆ ಬರೆದ ಓಮ್ ಕೂಡ ಸ್ವಲ್ಪ ಆಚೀಚೆ ಇರುತ್ತದೆ. ಉಳಿದ ಕಾಲು ಭಾಗ ಅದಕ್ಕೇ.

ಎರಡನೆಯದು ಕಾಯಿಲ್‌ನ ವ್ಯಾಟ್. ಕಾಯಿಲ್ ಹೆಡ್ ಮೇಲೆ 0.15 ಓಮ್, 60ರಿಂದ 80 ವ್ಯಾಟ್ ಅಂತ ಬರೆದಿದೆ ಅಂದುಕೊಳ್ಳಿ. ಚಿಪ್ ಇರುವ ಡಿವೈಸ್ ಆ ಕಾಯಿಲ್‌ಗೆ ಕೊಡುವುದು 3ರಿಂದ ಮೂರೂವರೆ ವೋಲ್ಟ್ ಮಾತ್ರ. ಮೆಕ್ ಮಾಡ್ 4.2 ಕೊಡುತ್ತದೆ. ಮೇಲಿನ ಪಟ್ಟಿ ನೋಡಿ, 118 ವ್ಯಾಟ್. ಕರೆಂಟ್ ವಿಷಯ ಬಿಟ್ಟುಬಿಟ್ಟರೂ ಆ ಕಾಯಿಲ್‌ನ ಹತ್ತಿ ಒಂದೆರಡು ದಮ್ಮಿಗೇ ಸುಟ್ಟು ಕಪ್ಪಾಗುತ್ತದೆ. ಸುಟ್ಟ ಹತ್ತಿಯ ಘಾಟು ಗಂಟಲಿಗೆ ಹೊಡೆಯುವುದಷ್ಟೇ ಅಲ್ಲ, ಲಿಕ್ವಿಡ್ ಹೀಗೆ ಅತಿಯಾಗಿ ಕಾದಾಗ ಫಾರ್ಮಾಲ್ಡಿಹೈಡ್, ಆಕ್ರೊಲೀನ್ ತರದ ವಿಷಗಳೂ ಜಾಸ್ತಿ ಹುಟ್ಟುತ್ತವೆ. ಹಾಗಾಗಿ ಪರೀಕ್ಷೆ ಸುಲಭ: ಮೇಲಿನ ಪಟ್ಟಿಯ ವ್ಯಾಟ್ ಕಾಯಿಲ್ ಮೇಲೆ ಬರೆದ ಗರಿಷ್ಠಕ್ಕಿಂತ ಕಡಿಮೆ ಇರಬೇಕು. ಇಲ್ಲದಿದ್ದರೆ ಆ ಕಾಯಿಲ್ ಮೆಕ್‌ಗೆ ಆಗಿಬರುವುದಿಲ್ಲ.

ಮೂರನೆಯದೇ ಎಲ್ಲಕ್ಕಿಂತ ದೊಡ್ಡದು, ಅದಕ್ಕೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. 510 ಪಿನ್.

ಟ್ಯಾಂಕ್ ಅಥವಾ ಆರ್‌ಡಿಎ ಕೆಳಗೆ ಮರೆ (ತಿರುಗಿಸಿ ಬಿಗಿಯುವ ಸ್ಕ್ರೂ ಸುತ್ತು) ಹಾಕಿದ ಭಾಗ ಇದೆಯಲ್ಲ, 510 ಅಂತ ಕರೆಯುವ ಆ ಜೋಡಣೆಯ ನಟ್ಟನಡುವೆ ಒಂದು ಪುಟ್ಟ ಪಿನ್ ಇರುತ್ತದೆ. ಅದು ಪಾಸಿಟಿವ್. ಸುತ್ತಲಿನ ಮರೆ ನೆಗೆಟಿವ್. ಎರಡರ ನಡುವೆ ತೆಳ್ಳಗಿನ ಪ್ಲಾಸ್ಟಿಕ್ ಬಳೆ. ಮೆಕ್ ಮಾಡ್‌ಗಳಲ್ಲಿ ಎರಡು ಜಾತಿ. ಒಂದರಲ್ಲಿ ಟ್ಯೂಬ್‌ಗೇ ತನ್ನದೊಂದು 510 ಕನೆಕ್ಟರ್ ಇರುತ್ತದೆ. ಟ್ಯಾಂಕ್ ಅದರ ಪಿನ್ ಮೇಲೆ ಕೂರುತ್ತದೆ, ಬ್ಯಾಟರಿ ಕೆಳಗೆ ಬೇರೆಯಾಗಿರುತ್ತದೆ. ಇನ್ನೊಂದು ಹೈಬ್ರಿಡ್. ಅದರಲ್ಲಿ ಮಧ್ಯೆ ಏನೂ ಇಲ್ಲ. ಟ್ಯಾಂಕ್‌ನ ಪಿನ್ ನೇರವಾಗಿ ಬ್ಯಾಟರಿಯ ತಲೆಯನ್ನೇ ಮುಟ್ಟುತ್ತದೆ.

ಈಗ ಬ್ಯಾಟರಿಯ ತಲೆ ನೋಡಿ. ನಡುವೆ ಪಾಸಿಟಿವ್ ಬಟ್ಟು, ಅದರ ಸುತ್ತ ಬಿಳಿ ಬಣ್ಣದ ಇನ್ಸುಲೇಟರ್ ಉಂಗುರ. ಅಂಚಿನಲ್ಲಿ ಬಣ್ಣದ ಪ್ಲಾಸ್ಟಿಕ್ ಮಡಿಚಿಕೊಂಡಿದೆ. ಆ ಪ್ಲಾಸ್ಟಿಕ್ ಕೆಳಗಿರುವ ಅಂಚು ನೆಗೆಟಿವ್. ಹೌದು, 18650ರ ಪೂರ್ತಿ ಮೈ ನೆಗೆಟಿವ್, ತಲೆಯ ಅಂಚಿನವರೆಗೂ. ಪಾಸಿಟಿವ್‌ಗೂ ನೆಗೆಟಿವ್‌ಗೂ ನಡುವೆ ಇರುವುದು ಕಾಗದದಷ್ಟು ತೆಳ್ಳಗಿನ ಹೊದಿಕೆ.

ಹೈಬ್ರಿಡ್ ಟ್ಯೂಬ್ ಮೇಲೆ ಕೂರಿಸಿದ ಟ್ಯಾಂಕ್‌ನ ಪಿನ್ ಮರೆಗಿಂತ ಮುಂದಕ್ಕೆ ಚಾಚಿಕೊಂಡಿಲ್ಲ ಅಂದರೆ ಏನಾಗುತ್ತದೆ? ಮರೆಯ ಅಂಚೂ ಬ್ಯಾಟರಿಯ ಪಾಸಿಟಿವ್ ಮೇಲೆ ಬಂದು ಕೂರುತ್ತದೆ. ಮರೆ ನೆಗೆಟಿವ್. ಬಟನ್ ಒತ್ತಿದ ಕೂಡಲೇ ನೇರ ಶಾರ್ಟ್. ಕಾಯಿಲ್ ಎಷ್ಟು ಓಮ್ ಅನ್ನುವುದು ಆಗ ಲೆಕ್ಕಕ್ಕೇ ಬರುವುದಿಲ್ಲ, ಕರೆಂಟ್ ಕಾಯಿಲ್ ಕಡೆ ಹೋಗುವುದೇ ಇಲ್ಲವಲ್ಲ. ಬ್ಯಾಟರಿ ಕಾದು ಒಳಗಿನ ಗ್ಯಾಸ್ ಹೊರಬರುತ್ತದೆ. ಟ್ಯೂಬ್‌ಗೆ ಸರಿಯಾದ ತೂತುಗಳಿಲ್ಲದಿದ್ದರೆ ಅದು ವಿಷಲ್ ಕಟ್ಟಿಹೋದ ಕುಕ್ಕರ್. ಎಲ್ಲಿ ಸಡಿಲವೋ ಅಲ್ಲಿಂದ ಸಿಡಿಯುತ್ತದೆ. ಒಂದು ತುದಿ ಅಂಗೈಯಲ್ಲಿ, ಇನ್ನೊಂದು ತುದಿ ಬಾಯಲ್ಲಿ.

ಇದು ಹೆದರಿಸಲು ಹೇಳುವ ಮಾತಲ್ಲ. 2018ರ ಮೇ ತಿಂಗಳಲ್ಲಿ ಫ್ಲೋರಿಡಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ 38 ವರ್ಷದ ಒಬ್ಬರು ಮೆಕ್ ಮಾಡ್ ಸಿಡಿದು ಸತ್ತರು. ಅದರ ತುಂಡುಗಳು ತಲೆಗೆ ಹೊಕ್ಕಿದ್ದವು. ಮರುವರ್ಷ ಜನವರಿಯಲ್ಲಿ ಟೆಕ್ಸಾಸ್‌ನ ಫೋರ್ಟ್ ವರ್ತ್‌ನಲ್ಲಿ 24ರ ಹುಡುಗನೊಬ್ಬ ವೇಪ್ ಪೆನ್ ಸಿಡಿದು, ಲೋಹದ ಚೂರು ಕುತ್ತಿಗೆಯ ರಕ್ತನಾಳಕ್ಕೆ ತಗುಲಿ ಸತ್ತ.

ಪಿನ್ ನೋಡುವುದು ಹೀಗೆ. ಟ್ಯಾಂಕನ್ನು ತಲೆಕೆಳಗು ಮಾಡಿ, ಕಣ್ಣಿನ ಮಟ್ಟಕ್ಕೆ ಎತ್ತಿ, ಬೆಳಕಿಗೆ ಅಡ್ಡ ಹಿಡಿಯಿರಿ. ಮರೆಯ ಅಂಚಿನ ಗೆರೆಗಿಂತ ಪಿನ್ ಸ್ಪಷ್ಟವಾಗಿ, ಒಂದು ಮಿಲಿಮೀಟರಾದರೂ ಹೊರಗೆ ಕಾಣಬೇಕು. ಆಮೇಲೆ ಮರದ ಕಡ್ಡಿಯಿಂದ ಪಿನ್ ಒತ್ತಿ ನೋಡಿ. ಸ್ಪ್ರಿಂಗ್ ಇದ್ದು ಒಳಗೆ ಹೋದರೆ, ಅಥವಾ ಪ್ಲಾಸ್ಟಿಕ್ ಬಳೆ ಮೆತ್ತಗಿದ್ದು ಪಿನ್ ಅಲುಗಿದರೆ, ಹೈಬ್ರಿಡ್‌ಗೆ ಅದು ಬೇಡ. ಇಲ್ಲಿ ಕೊಸರಾಟ ಇಲ್ಲ.

ನಾಲ್ಕನೆಯದು, ಏನಾದರೂ ಕೆಟ್ಟರೆ ತಡೆಯುವುದು ಯಾವುದು? ಐದನೆಯದು ಖರ್ಚು ಮತ್ತು ತಲೆನೋವು. ಇವೆರಡನ್ನೂ ಒಂದೊಂದು ಆಯ್ಕೆಯ ಜೊತೆಗೇ ನೋಡೋಣ.

ಹೈಬ್ರಿಡ್ ಟ್ಯೂಬ್ ಮೇಲೆ ಕಾಯಿಲ್ ಹೆಡ್ ಟ್ಯಾಂಕ್

ಬೇಡ. ಟ್ಯಾಂಕ್ ಕಂಪನಿಗಳು ತಮ್ಮ ಪಿನ್ ಅನ್ನು ಚಿಪ್ ಇರುವ ಡಿವೈಸ್‌ನ (ಬಾಕ್ಸ್ ಅಂತ ಕರೆಯುವುದು ಇದನ್ನೇ) ಸ್ಪ್ರಿಂಗ್ ಕನೆಕ್ಟರ್‌ಗೆ ಹೊಂದುವಂತೆ ಮಾಡಿರುತ್ತವೆ. ಆ ಕನೆಕ್ಟರ್ ತಾನೇ ಮೇಲೆ ಬಂದು ಪಿನ್ ಮುಟ್ಟುವುದರಿಂದ ಟ್ಯಾಂಕ್‌ನ ಪಿನ್ ಚಾಚಿರಬೇಕಾದ ಅಗತ್ಯವೇ ಇಲ್ಲ. ಬಹಳ ಟ್ಯಾಂಕ್‌ಗಳಲ್ಲಿ ಪಿನ್ ಮರೆಯ ಮಟ್ಟಕ್ಕೇ ಇರುತ್ತದೆ. ಇನ್ನು ಕೆಲವದರಲ್ಲಿ ರಬ್ಬರಿನಂಥ ಬಳೆಯಲ್ಲಿ ಪಿನ್ ಒತ್ತಿ ಕೂರಿಸಿರುತ್ತಾರೆ. ಇವತ್ತು ಹೊರಗೆ ಚಾಚಿದ್ದ ಪಿನ್, ಹತ್ತು ಸಲ ಬಿಗಿದು ಬಿಚ್ಚಿದ ಮೇಲೆ ಒಳಗೆ ಸರಿದಿರಬಹುದು. "ನಾನು ಎರಡು ವರ್ಷದಿಂದ ಹೀಗೇ ಬಳಸುತ್ತಿದ್ದೇನೆ, ಏನೂ ಆಗಿಲ್ಲ" ಅನ್ನುವವರು ಸಿಗುತ್ತಾರೆ. ಅವರ ಪಿನ್ ಇನ್ನೂ ಸರಿದಿಲ್ಲ, ಅಷ್ಟೇ.

ಕನೆಕ್ಟರ್ ಇರುವ ಮೆಕ್, ಒಂದೇ ಬ್ಯಾಟರಿ, ಕಾಯಿಲ್ ಹೆಡ್ ಟ್ಯಾಂಕ್

ಇದು ಷರತ್ತಿನ ಮೇಲೆ ನಡೆಯುತ್ತದೆ. ಟ್ಯೂಬ್‌ನ ಕನೆಕ್ಟರ್ ಗಟ್ಟಿಯಾಗಿರಬೇಕು, ಬ್ಯಾಟರಿಗೂ ಟ್ಯಾಂಕ್‌ಗೂ ನೇರ ಸಂಪರ್ಕ ಇರಬಾರದು. ಕಾಯಿಲ್ 0.4 ಓಮ್ ಅಥವಾ ಅದಕ್ಕಿಂತ ಮೇಲಿರಬೇಕು. ಅದರ ವ್ಯಾಟ್ ಮಿತಿ 4.2 ವೋಲ್ಟ್‌ಗೆ ಒಗ್ಗಬೇಕು.

0.4 ಓಮ್ ಕಾಯಿಲ್ ಮೇಲೆ 50ರಿಂದ 60 ವ್ಯಾಟ್ ಅಂತ ಬರೆದಿದ್ದರೆ ಬ್ಯಾಟರಿ ತುಂಬಿದಾಗಲೂ 44 ವ್ಯಾಟ್ ಮಾತ್ರ ಸಿಗುತ್ತದೆ. ಹತ್ತಿ ಸುಡುವುದಿಲ್ಲ. ಆದರೆ ಹೊಗೆ ಸ್ವಲ್ಪ ಮಂಕು. ಬ್ಯಾಟರಿ 3.4ಕ್ಕೆ ಇಳಿಯುವ ಹೊತ್ತಿಗೆ ಅದು 29 ವ್ಯಾಟ್ ಆಗಿರುತ್ತದೆ, ಆಗ ರುಚಿಯೇ ಇಲ್ಲ. ಬೇಸರವಾಗಿ ಕಡಿಮೆ ಓಮ್ ಕಾಯಿಲ್ ಹಾಕಲು ಮನಸ್ಸಾಗುತ್ತದೆ. ಮೆಶ್ ಕಾಯಿಲ್‌ಗಳಲ್ಲಿ 0.15, 0.2 ಓಮ್‌ನವೇ ಜಾಸ್ತಿ ಸಿಗುವುದರಿಂದ ಅಂಗಡಿಯಲ್ಲಿ ಅದನ್ನೇ ಕೈಗೆ ಕೊಡುತ್ತಾರೆ ಕೂಡ. ಇಲ್ಲೇ ಎಡವುವುದು. ಆ ಕಾಯಿಲ್‌ಗಳು ಎರಡು ಬ್ಯಾಟರಿಯ, ಚಿಪ್ ಇರುವ ಬಾಕ್ಸ್‌ಗೆ ಮಾಡಿದವು.

ಇನ್ನೊಂದು ಮಾತು. ಪ್ಯಾಕೆಟ್ ಮೇಲೆ ನಿಕಲ್, ಎನ್‌ಐ200 ಅಥವಾ ಟೈಟೇನಿಯಂ ಅಂತ ಇದ್ದರೆ ಅದು ತಾಪಮಾನ ನಿಯಂತ್ರಣದ ಕಾಯಿಲ್. ಚಿಪ್ ಇಲ್ಲದ ಕಡೆ ಅದನ್ನು ಮುಟ್ಟಲೇಬೇಡಿ. ಕ್ಯಾಂಥಲ್, ನೈಕ್ರೋಮ್, ಸ್ಟೀಲ್ ತಂತಿ ಆದರೆ ಪರವಾಗಿಲ್ಲ.

ಖರ್ಚು? ಕಾಯಿಲ್ ಹೆಡ್‌ಗೆ ತಲಾ ಎರಡರಿಂದ ನಾಲ್ಕು ಪೌಂಡ್. ಒಂದೆರಡು ವಾರಕ್ಕೊಂದು ಬೇಕಾಗುತ್ತದೆ. ಟ್ಯೂಬ್ ಪುಕ್ಕಟೆ ಸಿಕ್ಕಿದ್ದರೂ ಒಂದು ಓಮ್ ಮೀಟರ್, ಎರಡು ಒಳ್ಳೆ ಬ್ಯಾಟರಿ, ಬ್ಯಾಟರಿ ಡಬ್ಬಿ, ಚಾರ್ಜರ್ ತೆಗೆದುಕೊಂಡರೆ ನಲವತ್ತು ಪೌಂಡ್ ದಾಟುತ್ತದೆ. ಅಷ್ಟರಲ್ಲಿ ಚಿಪ್ ಇರುವ ಹೊಸ ಬಾಕ್ಸ್ ಬರುತ್ತಿತ್ತು ಅನ್ನುವುದು ನೆನಪಿರಲಿ.

ಆರ್‌ಡಿಎ ಮತ್ತು ಸುತ್ತಿಟ್ಟ ತಂತಿ ಕಾಯಿಲ್

ಮೆಕ್ ಮೇಲೆ ರೆಡಿಮೇಡ್ ಕಾಯಿಲ್ ಬಳಸಲೇಬೇಕು ಅಂತಿದ್ದರೆ ನನ್ನ ಓಟು ಇದಕ್ಕೆ. ಒಳ್ಳೆ ಆರ್‌ಡಿಎಗಳಲ್ಲಿ ಪಿನ್ ಉದ್ದ ಇರುತ್ತದೆ, ಅಲುಗುವುದಿಲ್ಲ, ಬಳೆಯೂ ಗಟ್ಟಿ. ಹೈಬ್ರಿಡ್‌ಗೂ ಹೊಂದುವಂಥವು ಇವೆ. ಕಾಯಿಲ್ ಕಣ್ಣಿಗೆ ಕಾಣುತ್ತದೆ. ಕಾಯಿಲ್ ಹೆಡ್ ಒಳಗೆ ಏನು ಸುಟ್ಟಿದೆ, ಎಲ್ಲಿ ಮುಟ್ಟಿದೆ ಅಂತ ಗೊತ್ತಾಗುವುದೇ ಇಲ್ಲವಲ್ಲ.

ಆದರೆ ಇದರಲ್ಲಿ ಒಂದು ಬಲೆ ಇದೆ. ಡಬ್ಬಿ ಮೇಲೆ 0.3 ಓಮ್ ಅಂತ ಬರೆದಿರುತ್ತದೆ. ಅದು ಒಂದೇ ಕಾಯಿಲ್‌ನ ಓಮ್ ಆಗಿರಬಹುದು, ಜೋಡಿ ಹಾಕಿದಾಗಿನ ಓಮ್ ಆಗಿರಬಹುದು. ಕೆಲವರು ಹಾಗೆ ಬರೆಯುತ್ತಾರೆ, ಕೆಲವರು ಹೀಗೆ. ನಿಮ್ಮ ಡೆಕ್‌ಗೆ ಎರಡು ಕಾಯಿಲ್ ಬೇಕು. ಒಂದೊಂದೂ 0.3 ಆಗಿದ್ದರೆ, ಎರಡೂ ಸೇರಿ 0.15. ಪಟ್ಟಿ ಮತ್ತೆ ನೋಡಿ: 28 ಆಂಪ್. 14 ಆಂಪ್ ಅಂದುಕೊಂಡು ಬಟನ್ ಒತ್ತಿದವರು ಅದರ ಎರಡರಷ್ಟು ಎಳೆಯುತ್ತಿರುತ್ತಾರೆ, ಅದೂ 20 ಆಂಪ್ ಬ್ಯಾಟರಿಯಿಂದ. ಬ್ಯಾಟರಿ ಬಿಸಿ ಆಯ್ತು ಅಂತ ಕೈಗೆ ಗೊತ್ತಾಗುವಷ್ಟರಲ್ಲಿ ತಡವಾಗಿರುತ್ತದೆ.

ಇದಕ್ಕೇ ಓಮ್ ಮೀಟರ್. ಮನೆಯ ಮಾಮೂಲಿ ಮಲ್ಟಿಮೀಟರ್ ಸಾಲದು, ಅದರ ವೈರುಗಳದ್ದೇ ಕಾಲು ಓಮ್‌ವರೆಗೆ ಬರಬಹುದು. 510 ಕನೆಕ್ಟರ್ ಇರುವ ಪುಟ್ಟ ಮೀಟರ್ ಹತ್ತು ಹದಿನೈದು ಪೌಂಡಿಗೆ ಸಿಗುತ್ತದೆ. ಕಾಯಿಲ್ ಬಿಗಿದ ಮೇಲೆ ಅಳೆಯಿರಿ. ಹತ್ತಿ ಹಾಕಿ ಮುಚ್ಚಳ ಕೂರಿಸಿದ ಮೇಲೆ ಮತ್ತೆ ಅಳೆಯಿರಿ. ಎರಡನೇ ಸಲ ಅಂಕಿ ಬಿದ್ದುಹೋದರೆ ಕಾಯಿಲ್‌ನ ಕಾಲು ಎಲ್ಲೋ ಮುಚ್ಚಳಕ್ಕೆ ತಾಗುತ್ತಿದೆ, ಮುಚ್ಚಳ ನೆಗೆಟಿವ್. ಅಂಕಿ ಕುಣಿಯುತ್ತಿದ್ದರೆ ಸ್ಕ್ರೂ ಸಡಿಲ. ಅಗ್ಗದ ಮೀಟರ್‌ಗಳು 0.02 ಓಮ್ ಆಚೀಚೆ ತೋರಿಸುವುದೂ ಉಂಟು. 0.5ರಲ್ಲಿ ಅದು ಲೆಕ್ಕಕ್ಕಿಲ್ಲ. ಆದರೆ 0.15 ಅಂತ ತೋರಿಸಿ ನಿಜಕ್ಕೂ 0.13 ಇದ್ದರೆ 28ರ ಬದಲು 32 ಆಂಪ್. ಕೆಳಗೆ ಹೋದಷ್ಟೂ ಸಣ್ಣ ತಪ್ಪು ದೊಡ್ಡದಾಗುತ್ತದೆ. 0.3ರ ಮೇಲೇ ಇರಿ ಅಂತ ಹೇಳುವುದು ಇದಕ್ಕೂ ಸೇರಿ.

ನಾನಾಗಿದ್ದರೆ ಸಿಂಗಲ್ ಕಾಯಿಲ್ ಡೆಕ್ ತೆಗೆದುಕೊಂಡು, 0.35ರಿಂದ 0.5 ಓಮ್‌ನ ಕ್ಲಾಪ್ಟನ್ ಹಾಕುತ್ತಿದ್ದೆ. ಗಾಬರಿ ಇಲ್ಲ, ರುಚಿಗೂ ಮೋಸ ಇಲ್ಲ. ಮೋಡದಷ್ಟು ಹೊಗೆ ಬೇಕು ಅನ್ನುವವರಿಗೆ ಇದು ಸಾಲದು, ಗೊತ್ತು.

ಕೈಯಾರೆ ಸುತ್ತುವುದು ಇದಕ್ಕಿಂತ ಅಗ್ಗ. ಒಂದು ರೋಲ್ ತಂತಿ ತಿಂಗಳುಗಟ್ಟಲೆ ಬರುತ್ತದೆ, ಬೇಕಾದ ಓಮ್‌ಗೆ ನೀವೇ ಸುತ್ತಿಕೊಳ್ಳಬಹುದು. ಆದರೆ ಪಿನ್, ಮೀಟರ್, ಬ್ಯಾಟರಿ ನಿಯಮ ಎಲ್ಲ ಅದೇ. ಕಲಿಯುವ ಆಸೆ ಇದ್ದರೆ ಚಿಪ್ ಇರುವ ಬಾಕ್ಸ್ ಮೇಲೆ ಕಲಿಯಿರಿ, ಮೆಕ್ ಮೇಲೆ ಬೇಡ.

ಎರಡು ಬ್ಯಾಟರಿ ಒಂದರ ಮೇಲೊಂದು

ಇದನ್ನು ಸೀರೀಸ್ ಅಥವಾ ಸ್ಟ್ಯಾಕ್ ಅನ್ನುತ್ತಾರೆ. 8.4 ವೋಲ್ಟ್. 0.4 ಓಮ್ ಕಾಯಿಲ್‌ಗೆ 21 ಆಂಪ್, 176 ವ್ಯಾಟ್. ಎರಡೂ ಬ್ಯಾಟರಿಗಳಿಂದ ಅಷ್ಟೇ ಆಂಪ್ ಹೋಗುತ್ತದೆ, ಹಂಚಿಕೊಳ್ಳುವುದಿಲ್ಲ. ಕಂಪನಿಯ ಕಾಯಿಲ್ ಹೆಡ್‌ಗಳನ್ನು ಇದಕ್ಕೆ ಮಾಡಿಲ್ಲ. ಮುಂದೆ ಓದುವುದೇ ಬೇಡ, ಬಿಟ್ಟುಬಿಡಿ.

ಮಾಸ್‌ಫೆಟ್ ಇರುವ ಬಾಕ್ಸ್

ಚಿಪ್ ಇಲ್ಲ, ಆದರೆ ಪೂರ್ತಿ ಮೆಕ್ ಕೂಡ ಅಲ್ಲ. ಬಟನ್ ಬದಲು ಮಾಸ್‌ಫೆಟ್ ಅನ್ನುವ ಎಲೆಕ್ಟ್ರಾನಿಕ್ ಸ್ವಿಚ್ ಕರೆಂಟ್ ಹಾಯಿಸುತ್ತದೆ. ಕೆಲವದರಲ್ಲಿ ಫ್ಯೂಸ್ ಅಥವಾ ಪುಟ್ಟ ರಕ್ಷಣಾ ಬೋರ್ಡ್ ಇರುತ್ತದೆ, ಕೆಲವದರಲ್ಲಿ ಇರುವುದಿಲ್ಲ. ಇದನ್ನು ಸುರಕ್ಷಿತ ಅಂತ ಮಾರುತ್ತಾರೆ, ಅರ್ಧ ನಿಜ. ಮಾಸ್‌ಫೆಟ್ ಕೆಟ್ಟರೆ ಸಾಮಾನ್ಯವಾಗಿ ಆನ್ ಆದ ಸ್ಥಿತಿಯಲ್ಲೇ ಕೆಡುತ್ತದೆ. ಅಂದರೆ ಬಟನ್ ಬಿಟ್ಟರೂ ಕಾಯಿಲ್ ಉರಿಯುತ್ತಲೇ ಇರುತ್ತದೆ. ಫ್ಯೂಸ್ ಅಥವಾ ಶಾರ್ಟ್ ರಕ್ಷಣೆ ಇದೆ ಅಂತ ಸ್ಪಷ್ಟವಾಗಿ ಬರೆದಿದ್ದರೆ ಮೆಕ್‌ಗಿಂತ ಒಂದು ಮೆಟ್ಟಿಲು ಮೇಲೆ. ಇಲ್ಲವಾದರೆ ಮೆಕ್‌ಗೂ ಇದಕ್ಕೂ ದೊಡ್ಡ ವ್ಯತ್ಯಾಸ ಇಲ್ಲ, ಲೆಕ್ಕವೆಲ್ಲ ಅದೇ.

ಚಿಪ್ ಇರುವ ಬಾಕ್ಸ್

ಕಂಪನಿ ಕಾಯಿಲ್‌ನ ಮನೆ ಇದೇ. ಕಾಯಿಲ್ ಹಾಕಿದ ಕೂಡಲೇ ಓಮ್ ಅಳೆದು ತೋರಿಸುತ್ತದೆ. ಓಮ್ ತೀರ ಕಡಿಮೆ ಇದ್ದರೆ, ಶಾರ್ಟ್ ಇದ್ದರೆ, ಬಟನ್ ಒತ್ತಿದರೂ ಉರಿಯುವುದಿಲ್ಲ. ಬ್ಯಾಟರಿ ಇಳಿದರೆ ನಿಲ್ಲುತ್ತದೆ. ಬಟನ್ ಸಿಕ್ಕಿಹಾಕಿಕೊಂಡರೆ ಹತ್ತು ಸೆಕೆಂಡ್ ಆಸುಪಾಸಿನಲ್ಲಿ ತಾನೇ ಕಟ್ ಆಗುತ್ತದೆ. ಕಾಯಿಲ್ ಮೇಲೆ 60ರಿಂದ 80 ಅಂತ ಬರೆದಿದ್ದರೆ 60ರಲ್ಲಿ ಶುರು ಮಾಡಿ ನಿಧಾನಕ್ಕೆ ಏರಿಸಬಹುದು. ಕಾಯಿಲ್ ಜಾಸ್ತಿ ದಿನ ಬಾಳುತ್ತದೆ, ಅದೂ ದುಡ್ಡೇ ಅಲ್ವಾ.

ಒಂದೇ ಎಚ್ಚರ. ಇಲ್ಲಿ ಬ್ಯಾಟರಿಯಿಂದ ಎಳೆಯುವ ಆಂಪ್ ಕಾಯಿಲ್‌ನ ಓಮ್ ಮೇಲೆ ನಿಂತಿಲ್ಲ, ನೀವು ಇಟ್ಟ ವ್ಯಾಟ್ ಮೇಲೆ ನಿಂತಿದೆ. ಒಂದೇ ಬ್ಯಾಟರಿಯ ಬಾಕ್ಸ್‌ನಲ್ಲಿ 60 ವ್ಯಾಟ್ ಇಟ್ಟರೆ, ಬ್ಯಾಟರಿ 3.2 ವೋಲ್ಟ್‌ಗೆ ಇಳಿದಾಗ 19 ಆಂಪ್. ಚಿಪ್‌ನಲ್ಲಿ ಸೋರುವುದು ಸೇರಿದರೆ 20 ದಾಟುತ್ತದೆ. ಹಾಗಾಗಿ 50 ವ್ಯಾಟ್‌ವರೆಗೆ ಒಂದು ಬ್ಯಾಟರಿ ಸಾಕು, ಅದಕ್ಕಿಂತ ಮೇಲೆ ಎರಡು ಬ್ಯಾಟರಿಯದ್ದು ತೆಗೆದುಕೊಳ್ಳಿ.

ಮೆಕ್‌ನ ಆ ನೇರ ಏಟು ಬೇಕು ಅನ್ನುವವರಿಗೆ ಕೆಲವು ಬಾಕ್ಸ್‌ಗಳಲ್ಲಿ ಬೈಪಾಸ್ ಮೋಡ್ ಇದೆ. ಬ್ಯಾಟರಿಯ ವೋಲ್ಟೇಜ್ ಹಾಗೇ ಕಾಯಿಲ್‌ಗೆ ಹೋಗುತ್ತದೆ, ಚಾರ್ಜ್ ಇಳಿದಂತೆ ಹೊಗೆ ಕೂಡ ಇಳಿಯುತ್ತದೆ, ಥೇಟ್ ಮೆಕ್ ತರ. ಆದರೆ ಶಾರ್ಟ್ ತಡೆಯುವ ಕೆಲಸ ಚಿಪ್ ಬಿಡುವುದಿಲ್ಲ. ಇದು ಗೊತ್ತಿದ್ದೂ ಮೆಕ್ ಟ್ಯೂಬೇ ಬೇಕು ಅನ್ನುವವರಿಗೆ ಬೇಕಾಗಿರುವುದು ಆ ಟ್ಯೂಬ್‌ನ ಚಂದ. ಅದೂ ತಪ್ಪೇನಲ್ಲ, ಆದರೆ ಅದಕ್ಕೆ ಕೊಡುವ ಬೆಲೆ ಗೊತ್ತಿರಲಿ.

ಹಾಗಾದರೆ ನಿಮಗೆ ಯಾವುದು

ಸಿಗರೇಟ್ ಬಿಡುವುದೊಂದೇ ಉದ್ದೇಶವಾದರೆ ಇದ್ಯಾವುದೂ ಬೇಡ. ರೀಫಿಲ್ ಮಾಡುವ ಪಾಡ್ (ಪುಟ್ಟ ರೆಡಿಮೇಡ್ ವೇಪ್) ಸಾಕು. 0.8, 1.2 ಓಮ್‌ನ ಕಾಯಿಲ್, ಹತ್ತು ಹದಿನೈದು ವ್ಯಾಟ್, ಬ್ಯಾಟರಿ ಒಳಗೇ ಇರುತ್ತದೆ, ಎಳೆದರೆ ಸಿಗರೇಟಿನ ಹಾಗೇ ಬಿಗಿಯಾಗಿರುತ್ತದೆ. ಇಪ್ಪತ್ತು ಪೌಂಡ್ ಆಸುಪಾಸು. ಬಿಸಾಡುವ ವೇಪ್ ಬಿಟ್ಟು ಬಂದವರಲ್ಲಿ ಬಹಳ ಜನಕ್ಕೆ ಇದೇ ಸರಿ. ಮೆಕ್ ಹಿಡಿದುಕೊಂಡು ಒದ್ದಾಡುವುದು ಸುಮ್ನೆ.

ಕೈಯಲ್ಲಿ ಮೆಕ್ ಇದೆ, ಜೇಬಿನಲ್ಲಿ ದುಡ್ಡಿಲ್ಲ ಅಂದರೆ ಮೊದಲು ಟ್ಯೂಬ್ ಹೈಬ್ರಿಡ್ಡಾ ಅಂತ ನೋಡಿ. ಮೇಲಿನ ಮುಚ್ಚಳ ಬಿಚ್ಚಿ ಒಳಗೆ ಇಣುಕಿ. ನಡುವೆ ಪಿನ್ ಕಾಣದೆ ಬರೀ ತೂತು ಕಂಡರೆ ಹೈಬ್ರಿಡ್. ಆಗ ಟ್ಯಾಂಕ್ ಆಸೆ ಬಿಡಿ. ಕನೆಕ್ಟರ್ ಇದ್ದರೆ 0.4 ಓಮ್ ಮೇಲಿನ ಕಾಯಿಲ್ ಹೆಡ್, 20 ಆಂಪ್‌ನ ಅಸಲಿ ಬ್ಯಾಟರಿ. ಮೀಟರ್ ಇಲ್ಲದೆ ಶುರು ಮಾಡಬೇಡಿ. ಮೀಟರ್‌ಗೂ ದುಡ್ಡಿಲ್ಲ ಅಂದರೆ ಮೆಕ್‌ಗೂ ದುಡ್ಡಿಲ್ಲ ಅಂತಲೇ ಅರ್ಥ.

ಹವ್ಯಾಸ ಅಂತ ಇಷ್ಟಪಟ್ಟು ಮಾಡುವವರು, ಸ್ಕ್ರೂಡ್ರೈವರ್ ಹಿಡಿಯಲು ಬೇಸರ ಇಲ್ಲದವರು ಆರ್‌ಡಿಎ ಕಡೆ ಹೋಗಿ. ದುಡ್ಡಿಗೆ ತೊಂದರೆ ಇಲ್ಲ, ಲೆಕ್ಕ ಮಾಡುವಷ್ಟು ಸಮಯ ಇಲ್ಲ ಅನ್ನುವವರಿಗೆ ಚಿಪ್ ಇರುವ ಎರಡು ಬ್ಯಾಟರಿಯ ಬಾಕ್ಸ್. ಇದರಲ್ಲಿ ಯೋಚಿಸುವಂಥದ್ದೇನೂ ಇಲ್ಲ. ಮನೆಯಲ್ಲಿ ಮಕ್ಕಳಿದ್ದರಂತೂ ಮೆಕ್ ಬೇಡ. ಎಲ್ಲ ಮೆಕ್‌ಗಳ ಬಟನ್‌ಗೂ ಲಾಕ್ ಇರುವುದಿಲ್ಲ.

ಬ್ಯಾಟರಿ ಬಗ್ಗೆ ಸ್ವಲ್ಪ

ಯಾವ ಆಯ್ಕೆ ಆದರೂ ಬಿಡಿ ಬ್ಯಾಟರಿ ಇದ್ದರೆ ಇದು ಅನ್ವಯ. ಬ್ಯಾಟರಿ ಮಾಡುವ ಕಂಪನಿಗಳೇ ಇವನ್ನು ಹೀಗೆ ಬಿಡಿಯಾಗಿ ಬಳಸಬೇಡಿ ಅನ್ನುತ್ತವೆ. ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ 2021ರಲ್ಲಿ ಬಿಡಿ 18650 ಕೊಳ್ಳಬೇಡಿ ಅಂತ ಎಚ್ಚರಿಸಿತ್ತು. ಅದೇ ದೇಶದ ಅಗ್ನಿಶಾಮಕ ಆಡಳಿತ 2009ರಿಂದ 2016ರವರೆಗಿನ 195 ವೇಪ್ ಬೆಂಕಿ, ಸ್ಫೋಟಗಳನ್ನು ಲೆಕ್ಕ ಹಾಕಿದಾಗ, 61 ಘಟನೆಗಳಲ್ಲಿ ಡಿವೈಸ್ ಅಥವಾ ಬಿಡಿ ಬ್ಯಾಟರಿ ಜೇಬಿನಲ್ಲಿತ್ತು. ಬೀಗದಕೈ, ಚಿಲ್ಲರೆ ಇರುವ ಜೇಬಿಗೆ ಬ್ಯಾಟರಿ ಹಾಕಿದರೆ ಶಾರ್ಟ್ ಆಗಲು ಕಾಯಿಲ್ ಬೇಕಾಗಿಲ್ಲ. ಒಂದು ಪೌಂಡಿನ ಪ್ಲಾಸ್ಟಿಕ್ ಡಬ್ಬಿ ತಗೊಳ್ಳಿ.

ಹೊದಿಕೆ ಎಲ್ಲಾದರೂ ಹರಿದಿದೆಯಾ ಅಂತ ಪ್ರತಿ ಸಲ ಹಾಕುವಾಗ ನೋಡಿ, ಅದರಲ್ಲೂ ತಲೆಯ ಅಂಚು. ಟ್ಯೂಬ್‌ಗೆ ಜಾರಿಸುವಾಗ ಉಜ್ಜಿ ಹರಿಯುವುದು ಅಲ್ಲೇ. ಹರಿದಿದ್ದರೆ ಹೊಸ ಹೊದಿಕೆ ಹಾಕಿ ಅಥವಾ ಬ್ಯಾಟರಿ ರೀಸೈಕಲ್ ಡಬ್ಬಕ್ಕೆ ಹಾಕಿ. ಮೆಕ್‌ನಲ್ಲಿ 3.4 ವೋಲ್ಟ್ ಆಸುಪಾಸಿಗೆ ಬಂದರೆ ತೆಗೆದು ಚಾರ್ಜ್‌ಗೆ ಇಡಿ. ಹೊಗೆ ಮಂಕಾಗಿದ್ದೇ ಅದರ ಗುರುತು. ಬಟನ್ ಬಿಸಿಯಾದರೆ, ಟ್ಯೂಬ್ ಬಿಸಿಯಾದರೆ, ಇನ್ನೊಂದು ದಮ್ಮು ಎಳೆದು ನೋಡುವುದು ಬೇಡ. ಬಟನ್ ಬಿಟ್ಟು, ಕೆಳಗಿಟ್ಟು, ದೂರ ಸರಿಯಿರಿ.

ಊರಿಗೆ ಹೋಗುವಾಗ

ಇದನ್ನು ಕೇಳುವವರು ಬಹಳ, ಅದಕ್ಕೆ ಹೇಳುತ್ತೇನೆ. ತೆಗೆದುಕೊಂಡು ಹೋಗಬೇಡಿ. ಕರ್ನಾಟಕ 2016ರಲ್ಲೇ ಇ-ಸಿಗರೇಟ್ ನಿಷೇಧಿಸಿತ್ತು. 2019ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ತಂದಿತು, ಡಿಸೆಂಬರ್‌ನಲ್ಲಿ ಅದು ಕಾಯ್ದೆ ಆಯಿತು. ತಯಾರಿಕೆ, ಆಮದು, ಮಾರಾಟ, ಜಾಹೀರಾತು ಎಲ್ಲಕ್ಕೂ ನಿಷೇಧ. ಮೊದಲ ಸಲಕ್ಕೆ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ತಮ್ಮನಿಗೆ ಒಂದು ಬಾಕ್ಸ್, ಗೆಳೆಯನಿಗೆ ನಾಲ್ಕು ಪ್ಯಾಕೆಟ್ ಕಾಯಿಲ್ ಅಂತ ಬ್ಯಾಗಿನಲ್ಲಿ ತುಂಬಿಕೊಳ್ಳುವುದು ಕೆಂಪೇಗೌಡ ಏರ್‌ಪೋರ್ಟಿನಲ್ಲಿ ಕಸ್ಟಮ್ಸ್‌ನವರ ಮುಂದೆ ನಿಂತು ವಿವರಿಸಬೇಕಾದ ವಿಷಯ ಆಗಬಹುದು. ಬೇರೆ ದೇಶಕ್ಕೆ ಹೊರಟರೂ ಡಿವೈಸ್ ಆಗಲಿ ಬಿಡಿ ಬ್ಯಾಟರಿ ಆಗಲಿ ಚೆಕ್-ಇನ್ ಬ್ಯಾಗಿಗೆ ಹಾಕುವಂತಿಲ್ಲ, ಕೈಚೀಲದಲ್ಲೇ ಇರಬೇಕು. ಇಳಿಯುವ ದೇಶದ ಕಾನೂನನ್ನೂ ಮೊದಲೇ ನೋಡಿಕೊಳ್ಳಿ. ಸಿಂಗಾಪುರದಲ್ಲಿ ಇಟ್ಟುಕೊಂಡರೂ ಅಪರಾಧ. ಮನೆಯಲ್ಲಿ ಬಿಟ್ಟು ಹೊರಡುವುದಾದರೆ ಟ್ಯೂಬ್‌ನಿಂದ ಬ್ಯಾಟರಿ ತೆಗೆದು, ಅರ್ಧ ಚಾರ್ಜ್‌ನಲ್ಲಿ, ಡಬ್ಬಿಗೆ ಹಾಕಿ ಇಡಿ.